ಕಾಗೆಯ ಕಣ್ಣು

ಮೀಂಜ
ಮೇ 14, 2025

ಪ್ರೀತಿಯ ದೀಪ್ತಿ,

ಪಯ್ಯನ್ನೂರಿನ ಹೊಸ ಬಾಡಿಗೆಮನೆಯಲ್ಲಿ ನೀನೂ ಶಶಾಂಕನೂ ಸುಖವಾಗಿದ್ದೀರೆಂದು ನಂಬಿದ್ದೇನೆ. ವಿಷುವಿಗೆ ಕಳಿಸುತ್ತೇವೆಂದ ಮೇಜಿನ ಬಟ್ಟೆ ಈಗ ಬರುತ್ತಿದೆ, ಬೇಸರಿಸಬೇಡ. ದಿನಾ ಫೋನಿನಲ್ಲಿ ಮಾತಾಡುವವನು ಕಾಗದ ಯಾಕೆ ಬರೆದ ಎಂದು ನಿನಗೆ ಅನ್ನಿಸಬಹುದು. ಫೋನಿನಲ್ಲಿ ಮಾತಾಡುವಾಗ ನಿನ್ನ ಅಮ್ಮ ಪಕ್ಕದಲ್ಲೇ ಇರುತ್ತಾಳೆ.

ಬಟ್ಟೆ ಬಿಡಿಸಿ ನೋಡು. ನಮ್ಮ ಹಿತ್ತಿಲೇ ಅದರಲ್ಲಿದೆ. ಬಸಳೆ ಚಪ್ಪರ, ಬಾವಿಕಟ್ಟೆಯ ಮೇಲಿನ ಕೊಡ, ಚಾಪೆಯಲ್ಲಿ ಒಣಗುವ ಹಲಸಿನ ಹಪ್ಪಳ, ಹಪ್ಪಳಕ್ಕೆ ಹೊಂಚು ಹಾಕಿದ ಕಾಗೆ. ಈ ಕಸೂತಿಯನ್ನೆಲ್ಲ ಹೊಲಿದದ್ದು ಅಮ್ಮನಲ್ಲ, ನಾನು. ಅಮ್ಮನ ಕೈನಡುಕ ಮಾತ್ರೆಯಿಂದ ಕಡಿಮೆಯಾಗಿದೆ ಎಂದು ನಿನಗೆ ಹೇಳಿದ್ದು ಸುಳ್ಳು. ನಡುಕದ ವಿಷಯ ಯಾರಿಗೂ ತಿಳಿಯಬಾರದೆಂಬುದು ಅವಳದೇ ಅಪ್ಪಣೆಯಾಗಿತ್ತು.

ಶಾಲೆಗೆ ರಜೆ ಸಿಕ್ಕಿದ ವಾರ ಅವಳು ಸೂಜಿಡಬ್ಬಿಯನ್ನು ನನ್ನ ಮುಂದಿಟ್ಟು, "ಒಂದೇ ಪೇಪರನ್ನು ಎಷ್ಟು ಸರ್ತಿ ಓದ್ತೀರಿ ಮಾರಾಯ್ರೇ? ನಾನು ಹೇಳ್ತೇನೆ, ನೀವು ಹೊಲೀರಿ" ಎಂದಳು. ಹಿಂದಿನ ಜಗಲಿಯಲ್ಲಿ ಕೂತೆವು. ನನ್ನ ಮೊದಲ ಹಪ್ಪಳ ನೋಡಿ, "ಇದೆಂತ, ಜೀಪಿನ ಚಕ್ರವಾ?" ಎಂದು ನಕ್ಕಳು. ಬಿಚ್ಚಿಸಿದಳು. ಮತ್ತೆ ಹೊಲಿಸಿದಳು. ಬಸಳೆ ಎಲೆಯ ತುದಿಯಲ್ಲಿ ದಾರ ಎಳೆಯುವಾಗ ಉಸಿರು ಬಿಗಿಹಿಡಿದದ್ದು ನಾನೋ ಅವಳೋ ಎಂದು ಕೆಲವೊಮ್ಮೆ ಗೊತ್ತಾಗುತ್ತಿರಲಿಲ್ಲ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನಾವು ಒಟ್ಟಿಗೆ ಮಾಡಿದ ಬೇರೊಂದು ಕೆಲಸ ನನಗೆ ನೆನಪಾಗುವುದಿಲ್ಲ.

ಗೇಟಿನ ಸದ್ದಾದರೆ ಮಾತ್ರ ನಾನು ಎಲ್ಲವನ್ನೂ ಪೇಪರಿನ ಅಡಿಗೆ ತಳ್ಳುತ್ತಿದ್ದೆ. ಅಮ್ಮ ಅದನ್ನು ನೋಡುತ್ತಿದ್ದಳು.

ಕಳೆದ ಆದಿತ್ಯವಾರ ಕೆಳಗಿನ ಮನೆಯ ಮೋಹಿನಿ ಗೇಟಿನ ಕಡೆಯಿಂದ ಬಾರದೆ ಹಿತ್ತಿಲಿನಿಂದಲೇ ಬಂದಳು. ಮಕ್ಕಳ ಬೇಸಿಗೆ ಶಿಬಿರಕ್ಕೆ ಕಸೂತಿ ಕಲಿಸುವವರು ಬೇಕಿತ್ತಂತೆ. ಪೇಪರು ಕೈಗೆ ಸಿಗಲಿಲ್ಲ. ಬಟ್ಟೆ ಬಿಗಿದ ರಿಂಗನ್ನು ಸೂಜಿಸಮೇತ ಅಮ್ಮನ ಮಡಿಲಿಗೆ ಹಾಕಿಬಿಟ್ಟೆ. ಯೋಚಿಸಿ ಮಾಡಿದ್ದಲ್ಲ, ಯೋಚಿಸದೆ ಮಾಡಿದ್ದರಿಂದಲೇ ಅದು ನಿಜವಾದ ನಾನು ಎಂದು ಈಗ ಅನ್ನಿಸುತ್ತದೆ.

"ಅಯ್ಯೋ ಪರಮೇಶ್ವರಿಯಕ್ಕ, ಎಂತ ಚಂದದ ಕಾಗೆ! ಕಣ್ಣು ಬಾಕಿ ಉಂಟಲ್ಲ? ಹಾಕಿ, ನಾನೂ ನೋಡಿ ಕಲೀತೇನೆ" ಎಂದು ಮೋಹಿನಿ ಹತ್ತಿರ ಕೂತಳು. ನನ್ನತ್ತ ತಿರುಗಿ, "ಮಾಷ್ಟ್ರಿಗೆ ಇದೆಲ್ಲ ಎಲ್ಲಿ ಅರ್ಥ ಆಗ್ತದೆ, ಅಲ್ವಾ?" ಎಂದಳು.

ನಾನು ನಕ್ಕೆ.

ಅಮ್ಮ ಸೂಜಿ ಹಿಡಿದಳು. ಮೊದಲು ಅದು ಬೆರಳಿಗೆ ಚುಚ್ಚಿತು. ಆಮೇಲೆ ಬಟ್ಟೆಗೆ ಇಳಿಯಿತು, ಕಣ್ಣಿನ ಜಾಗ ತಪ್ಪಿ. ಮೋಹಿನಿಯ ನಗು ನಿಂತಿತು. "ಅಕ್ಕ, ನಿಮಗೆ ಎಂತಾಯ್ತು?" ಎಂದಳು, ತೀರಾ ಮೆತ್ತಗೆ. ಕಳೆದ ಮಳೆಗಾಲದಿಂದ ಅಮ್ಮ ತಪ್ಪಿಸಿಕೊಂಡು ಬಂದದ್ದು ಆ ಮೆತ್ತನೆಯ ದನಿಯನ್ನೇ.

ಈಗ ಊರಿಗೆಲ್ಲ ಗೊತ್ತು. ಯಾರಾದರೂ ಬಂದು ಒಂದು ಎಣ್ಣೆಯ ಹೆಸರೋ ವೈದ್ಯರ ಹೆಸರೋ ಹೇಳಿ ಹೋಗುತ್ತಾರೆ. ಅಮ್ಮ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡು ಕೇಳುತ್ತಾಳೆ.

ಶಾಲೆ ತೆರೆಯುವ ಮೊದಲು ಇಬ್ಬರೂ ಒಮ್ಮೆ ಬನ್ನಿ. ನಿಮ್ಮ ಪಾಲಿನ ಹಪ್ಪಳ ಡಬ್ಬಿಯಲ್ಲಿದೆ. ನಿಮ್ಮ ಮನೆಯೊಳಗೆ ಯಾರು ಕಾಲಿಟ್ಟರೂ ಏನನ್ನೂ ಅಡಗಿಸಬೇಕಾಗದ ಹಾಗೆ ಬಾಳಿ ಎಂದು ಹರಸುತ್ತೇನೆ.

ನಿನ್ನ ಅಪ್ಪ,
ಕೃಷ್ಣಕುಮಾರ

ಕಾಗದ ಮಡಿಸುವ ಮೊದಲು: ಮೋಹಿನಿ ಹೋದ ಮೇಲೆ ಅಮ್ಮ ಹೇಳಿದ್ದು ಇಷ್ಟೇ: "ನಮ್ಮವರೇ ಹೊಲಿದದ್ದು ಅಂತ ಅವಳಿಗೆ ಹೇಳ್ಬೇಕೂಂತ ನನಗೆ ಬಾಯಿವರೆಗೆ ಬಂದಿತ್ತು. ಅಷ್ಟು ನಾಚಿಕೆಯಾ ನಿಮಗೆ?" ಆಮೇಲೆ ಅವಳು ಹಿಂದಿನ ಜಗಲಿಗೆ ಬಂದಿಲ್ಲ. ಹಾಗಾಗಿ ಕಾಗೆಗೆ ಕಣ್ಣಿಲ್ಲ. ಕೊಕ್ಕಿನ ಮೇಲೆ ಒಂದು ಸೊಟ್ಟ ಹೊಲಿಗೆ ಕಾಣುತ್ತದೆ. ಈ ಬಟ್ಟೆಯಲ್ಲಿ ಅಮ್ಮನ ಕೈಯದು ಅದೊಂದೇ, ಬಿಚ್ಚಬೇಡ. ಉಳಿದದ್ದು ಯಾರು ಹೊಲಿದದ್ದೆಂದು ನಿನ್ನ ಮನೆಗೆ ಬಂದವರು ಕೇಳಿದರೆ, ಅಪ್ಪ ಎಂದು ಹೇಳು. ಇಲ್ಲಿ ನಾನಿನ್ನೂ ಯಾರಿಗೂ ಹೇಳಿಲ್ಲ.