ಬಿಗಿಯಾಗಿದ್ದ ನಟ್ಟು

ಮನೆ,
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತೇ? ಹೋದ ಸಲ ಭೇಟಿಗೆ ಬಂದಾಗ ಗಾಜಿನ ಆಚೆ ನೀನು ಮುಖ ತಿರುಗಿಸಿಕೊಂಡು ಕೆಮ್ಮುತ್ತಿದ್ದೆ, ಫೋನಿನಲ್ಲಿ ನನಗೆ ಕೇಳಿಸದಿರಲಿ ಅಂತ ಕೈ ಅಡ್ಡ ಹಿಡಿಯುತ್ತಿದ್ದೆ. ಕೇಳಿಸುತ್ತಿತ್ತು ಕಣೋ. ಜೈಲಿನ ಡಾಕ್ಟರು ಎದೆಯ ಎಕ್ಸ್‌ರೇ ತೆಗೆಸುತ್ತೇನೆ ಅಂದಿದ್ದರಲ್ಲ, ತೆಗೆಸಿದರೇ? ಇಲ್ಲದಿದ್ದರೆ ಮತ್ತೆ ಕೇಳು, ಅದು ಸಂಕೋಚ ಪಡುವ ಜಾಗವಲ್ಲ. ಸ್ವೆಟರು ನಿನ್ನ ಕೈಗೆ ಬಂತೋ ಇಲ್ಲವೋ ಬರೆ. ಗುಂಡಿಗಳನ್ನು ಕತ್ತರಿಸಿಯೇ ಒಳಗೆ ಬಿಡುವುದು ಅಂದರು, ಆಗಲಿ ಅಂದೆ. ನಾಲ್ಕನೇ ಕ್ಲಾಸಿನಲ್ಲೂ ನಿನ್ನ ಬಟ್ಟೆಯ ಮೇಲೆ ಗುಂಡಿ ನಿಂತದ್ದನ್ನು ಯಾರೂ ನೋಡಿಲ್ಲ.

ಈ ಪತ್ರವನ್ನು ನಿನಗಿಂತ ಮೊದಲು ಓದುವ ಅಧಿಕಾರಿಗಳಿಗೂ ನಮಸ್ಕಾರ. ಸ್ವಾಮಿ, ಇದು ಸ್ವಲ್ಪ ಉದ್ದ ಇದೆ, ತಾಳ್ಮೆಯಿರಲಿ. ಮುಚ್ಚಿಟ್ಟು ಬರೆದದ್ದು ಏನೂ ಇಲ್ಲ, ವಕೀಲರನ್ನು ಕೇಳಿಯೇ ಬರೆಯುತ್ತಿದ್ದೇನೆ. ಅಮ್ಮನ ಮಂಡಿ ನೋವು ಹಾಗೇ ಇದೆ. ಊಟ ಮಾಡುತ್ತಾಳೆ, ಮಲಗುತ್ತಾಳೆ, ನನ್ನ ಜೊತೆ ಮಾತ್ರ ಮಾತು ಬಿಟ್ಟಿದ್ದಾಳೆ. ಸಾಂಬಾರಿಗೆ ಉಪ್ಪು ಬೇಕಾದರೆ ಗೋಡೆಗೆ ಹೇಳುತ್ತಾಳೆ, ನಾನು ಗೋಡೆಯ ಪರವಾಗಿ ತಂದುಕೊಡುತ್ತೇನೆ. ಅದು ಯಾಕೆ ಅಂತ ಹೇಳುವುದಕ್ಕೇ ಈ ಪತ್ರ.

ಚಳಿಗಾಲದಲ್ಲಿ ಪೊಲೀಸರು ತಾತನ ಕಾರನ್ನು ಬಿಟ್ಟುಕೊಟ್ಟರು ಅಂತ ಹೇಳಿದ್ದೆನಲ್ಲ. ಲಾರಿಯಿಂದ ಇಳಿಸುವಾಗ ನಾನು ಮನೆಯೊಳಗೇ ಇದ್ದೆ. ಆಮೇಲೆ ಹೋಗಿ ನೋಡಿದರೆ ಎಡಗಡೆಯ ಮೂತಿ ಪೂರ್ತಿ ಒಳಗೆ ಸೇರಿತ್ತು, ಗಾಜಿರಲಿಲ್ಲ, ಬಾಗಿಲಿನ ಮೇಲೆ ಸೀಮೆಸುಣ್ಣದಲ್ಲಿ ಕೇಸಿನ ನಂಬರು ಬರೆದಿದ್ದರು. ಬಸ್ಸಿಗೆ ಕಾಯುತ್ತಾ ನಿಂತಿದ್ದಾಗ ಇದಕ್ಕೆ ಸಿಕ್ಕಿ ಸತ್ತ ಆ ದರ್ಜಿಯ ಮುಖವನ್ನು ನಾನು ಸರಿಯಾಗಿ ನೋಡಿದ್ದು ಪೇಪರಿನಲ್ಲೇ. ಆದರೂ ಆ ಮೂತಿಯನ್ನು ನೋಡಿದಾಗ ಅವರೇ ಕಣ್ಣಿಗೆ ಬಂದರು. ಗುಜರಿಗೆ ಹಾಕಿಬಿಡೋಣ ಅಂದೆ. ಅಪ್ಪ ಒಪ್ಪಲಿಲ್ಲ. ಇದನ್ನು ಮತ್ತೆ ಕಟ್ಟುತ್ತೇನೆ, ಫ್ಯಾಕ್ಟರಿಯಿಂದ ಬಂದಾಗ ಹೇಗಿತ್ತೋ ಹಾಗೆ, ಒಂದು ವಾಶರ್ ಕೂಡ ಬೇರೆಯದು ಇರಬಾರದು ಅಂದರು. "ಅವನು ಆಚೆ ಬಂದ ದಿನ ಗೇಟಿನ ಹತ್ರ ಇದು ನಿಂತಿರ್ಬೇಕು." ನನಗೆ ತಡೆಯಲಾಗಲಿಲ್ಲ. "ಇದನ್ನ ನೋಡಿದ್ರೆ ಅವನು ವಾಪಸ್ ಒಳಗೇ ಓಡ್ತಾನೆ ಅಪ್ಪಾ" ಅಂದುಬಿಟ್ಟೆ. ಅವರು ನಗಲಿಲ್ಲ. ಮಾರನೆಯ ದಿನ ನೋಡಿದರೆ ಕಾರು ಜಾಕಿಗಳ ಮೇಲೆ ನಿಂತಿತ್ತು.

ಅಪ್ಪನ ಕೈ ಇನ್ನೂ ಮೊದಲಿನ ಹಾಗೇ ಇದೆ. ಕಣ್ಣು ಇಲ್ಲ. ಪೊರೆ ತೆಗೆಸಿದ ಕಣ್ಣೂ ಮಂಜು ಅನ್ನುತ್ತಾರೆ. ಆ ಕಾಲದ ಬೋಲ್ಟಿನ ತಲೆಯ ಮೇಲೆ ತಯಾರಿಸಿದವರ ಅಕ್ಷರ ಇರುತ್ತದೆ, ಸಾಸಿವೆಯಷ್ಟು ಸಣ್ಣದು. ಅದನ್ನು ಓದಲು ನಾನು ಬೇಕಾಯಿತು. "ಅಷ್ಟು ಫೀಸು ಕಟ್ಟಿ ಇಂಗ್ಲಿಷ್ ಸ್ಕೂಲಿಗೆ ಹಾಕಿದ್ದು ಯಾಕೆ ಅಂತ ಈಗ ಗೊತ್ತಾಯ್ತು ನೋಡು, ಬೋಲ್ಟು ಓದೋಕೆ" ಅಂತ ಹಂಗಿಸಿದರು. ಹಾಗೆ ನಾನು ಶನಿವಾರಗಳಂದು ಪಾಠ ಮುಗಿಸಿ ಶಾಲೆಯಿಂದ ನೇರ ಹಳೇ ಕಬ್ಬಿಣದ ಓಣಿಗೆ ಹೋಗತೊಡಗಿದೆ. ತಲೆಯ ಅಕ್ಷರ ಸರಿಯಿದ್ದರೆ ಉದ್ದ ಸರಿಯಿರುವುದಿಲ್ಲ, ಉದ್ದ ಸರಿಯಿದ್ದರೆ ಮೈಯೆಲ್ಲ ತಿರುಪಿನ ಥ್ರೆಡ್ ಇರುತ್ತದೆ. ಅಪ್ಪನಿಗೆ ಅದಾಗದು. ತೂತಿನೊಳಗೆ ಕೂರುವ ಭಾಗ ನುಣ್ಣಗಿರಬೇಕು, ಥ್ರೆಡ್ ಆಚೆ ಬಂದ ಮೇಲೆ ಶುರುವಾಗಬೇಕು, ಇಲ್ಲದಿದ್ದರೆ ಅದು ಒಳಗೆ ಕೂತು ಗರಗಸದ ಕೆಲಸ ಮಾಡುತ್ತದೆ ಅನ್ನುತ್ತಾರೆ. ಎಲ್ಲಕ್ಕಿಂತ ಮೊದಲು ಅದು ಇಂಚಿನ ಲೆಕ್ಕದ್ದಾಗಿರಬೇಕು. ಈಗ ಸಿಗುವುದೆಲ್ಲ ಮಿಲಿಮೀಟರಿನದು.

ಓಣಿಯ ಕೊನೆಯಲ್ಲಿ ಒಂದು ಅಂಗಡಿ. ಮಾಲೀಕನನ್ನು ಎಲ್ಲರೂ ತುಕ್ಕಣ್ಣ ಅನ್ನುತ್ತಾರೆ, ಅವನೂ ಓಗೊಡುತ್ತಾನೆ. ಬಣ್ಣದ ಖಾಲಿ ಡಬ್ಬಿಗಳಲ್ಲಿ ಜಗತ್ತಿನ ನಟ್ಟು ಬೋಲ್ಟುಗಳೆಲ್ಲ ಕಲಸುಮೇಲೋಗರವಾಗಿ ಬಿದ್ದಿರುತ್ತವೆ. ನಾನು ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡುತ್ತಿದ್ದರೆ ಅವನಿಗೆ ಮೈ ಉರಿ. "ಟೀಚರಮ್ಮಾ, ಬೋಲ್ಟಿಗೂ ಪರೀಕ್ಷೆ ಇಡ್ತೀರಾ? ಪಾಸ್ ಮಾಡಿ ಕಳ್ಸಿ ಅತ್ಲಾಗೆ. ಇಂಚಾದ್ರೇನು ಎಮ್ಮೆಮ್ಮಾದ್ರೇನು, ಒಳಗೆ ಹೋಗ್ಬೇಕು, ಬಿಗಿ ಆಗ್ಬೇಕು, ಮುಗೀತು. ನಮ್ಮಪ್ಪನ ಕಾಲದಿಂದ ಹಂಗೇ ಕೊಡ್ತಿರೋದು, ಯಾರೂ ವಾಪಸ್ ಬಂದು ಜಗಳ ಆಡಿಲ್ಲ." ಯಾರೂ ವಾಪಸ್ ಬಂದಿಲ್ಲ ಅನ್ನುವ ಮಾತು ಅವತ್ತು ನನಗೆ ತಮಾಷೆಯಾಗಿಯೇ ಕೇಳಿಸಿತು. ಮನೆಗೆ ಬಂದು ಅಪ್ಪನಿಗೆ ಅವನ ಧ್ವನಿಯಲ್ಲೇ ಹೇಳಿ ತೋರಿಸಿದೆ. ಅಪ್ಪ ಕೈ ತೊಳೆಯಲು ಎದ್ದುಹೋದರು.

ಸ್ಟಿಯರಿಂಗಿನ ತೋಳನ್ನು ಮುಂದಿನ ಚಕ್ರದ ಬುಡಕ್ಕೆ ಕಟ್ಟುವ ಬೋಲ್ಟನ್ನು ಅಪ್ಪ ಕೊನೆಗೆ ಉಳಿಸಿಕೊಂಡರು. ಯಾವುದು ಅಂತ ನಿನಗೆ ಹೇಳಬೇಕಾಗಿಲ್ಲ. ಸ್ಟಿಯರಿಂಗ್ ಕೈಗೆ ಬರಲೇ ಇಲ್ಲ, ಗಾಳಿಯಲ್ಲಿ ತಿರುಗಿದ ಹಾಗೆ ತಿರುಗಿತು ಅಂತ ನೀನು ಕೋರ್ಟಿನಲ್ಲಿ ಹೇಳಿದೆ. ವಾಹನ ತಪಾಸಣೆ ಮಾಡಿದವರು ಮುರಿದ ಬೋಲ್ಟಿಗೆ ಸ್ಪ್ಯಾನರ್ ಹಾಕಿ ನೋಡಿ, ನಟ್ಟು ಬಿಗಿಯಾಗಿಯೇ ಇದೆ, ಆದ್ದರಿಂದ ಬೋಲ್ಟು ಡಿಕ್ಕಿಯ ರಭಸಕ್ಕೆ ಮುರಿದದ್ದು, ಅದಕ್ಕೆ ಮೊದಲಲ್ಲ ಅಂದರು. ರಿಪೇರಿ ಮಾಡಿದ್ದು ಯಾರು ಅಂತ ಕೇಳಿದಾಗ ನೀನು ತಲೆ ಎತ್ತಿ "ನಾನೇ" ಅಂದೆ. ಅಷ್ಟಕ್ಕೇ ಎಲ್ಲ ಮುಗಿಯಿತು. ಬಿಗಿಯಾದ ನಟ್ಟಿನ ವಿರುದ್ಧ ಯಾರು ತಾನೇ ವಾದಿಸುತ್ತಾರೆ? ನಿಜ ಹೇಳಬೇಕೆಂದರೆ ನಾನೂ ಆಗ ನಿನ್ನ ಮಾತನ್ನು ಪೂರ್ತಿ ನಂಬಿರಲಿಲ್ಲ, ನಂಬಲು ಇಷ್ಟಪಟ್ಟಿದ್ದೆ ಅಷ್ಟೆ. ಎರಡೂ ಒಂದೇ ಅಲ್ಲ ಅಂತ ಈಗ ಗೊತ್ತಾಗುತ್ತಿದೆ.

ಹೋದ ವಾರ ತುಕ್ಕಣ್ಣನ ಡಬ್ಬಿಯೊಂದರ ತಳದಲ್ಲಿ ಸರಿಯಾದ ಬೋಲ್ಟು ಸಿಕ್ಕಿತು. ಅದೇ ಅಕ್ಷರ, ಅದೇ ಉದ್ದ, ಎಣ್ಣೆ ಕಾಗದ ಕೂಡ ಬಿಚ್ಚಿರಲಿಲ್ಲ. ನಟ್ಟು ಇರಲಿಲ್ಲ. ಅಪ್ಪ ಒಳಗೆ ಮಲಗಿದ್ದರು. ಎದ್ದು ಬಂದಾಗ ಜೋಡಿಸಿ ತೋರಿಸೋಣ ಅನ್ನುವ ಉತ್ಸಾಹದಲ್ಲಿ ಶೆಡ್ಡಿನ ಡಬ್ಬಿಯಿಂದ ಒಂದು ನಟ್ಟು ಆರಿಸಿಕೊಂಡೆ. ಬೆರಳಿನಲ್ಲಿ ಮೊದಲೊಂದೆರಡು ಸುತ್ತು ಬೆಣ್ಣೆಯ ಹಾಗೆ ಹೋಯಿತು. ಆಮೇಲೆ ಸ್ಪ್ಯಾನರ್ ಹಾಕಿದೆ. ಇನ್ನು ಎಳೆದರೆ ನನ್ನ ಭುಜವೇ ಕಳಚುತ್ತದೆ ಅನ್ನುವವರೆಗೆ ಎಳೆದೆ. ಕಲ್ಲಿನಂತೆ ಬಿಗಿಯಾಯಿತು. ಅಪ್ಪ ಬಂದರು, ಬಗ್ಗಿದರು, ನಟ್ಟನ್ನು ಮುಟ್ಟಲೇ ಇಲ್ಲ. ಅದರ ಕೆಳಗಿನ ವಾಶರ್ ಬಿಲ್ಲೆಯ ಅಂಚಿಗೆ ಬೆರಳಿಟ್ಟರು. ವಾಶರ್ ತಿರುಗಿತು ತಮ್ಮಾ. ಸೊರಗಿದವರ ಬೆರಳಿನ ಉಂಗುರದ ಹಾಗೆ ಸಲೀಸಾಗಿ ತಿರುಗಿತು. ಅಷ್ಟು ಬಿಗಿದ ನಟ್ಟಿನ ಕೆಳಗೆ!

"ಎಮ್ಮೆಮ್ ನಟ್ಟು ಹಾಕಿದೀಯ" ಅಂದರು. "ಇಂಚಿನ ಬೋಲ್ಟಿಗೆ ಅದು ಸ್ವಲ್ಪ ದೂರ ಹೋಗತ್ತೆ, ಆಮೇಲೆ ಥ್ರೆಡ್ಡಿಗೆ ಥ್ರೆಡ್ಡು ಕಚ್ಕೊಳತ್ತೆ. ಕೈಗೆ ಬಿಗಿ ಆಯ್ತು ಅನ್ಸತ್ತೆ. ಅದು ಬಿಗಿ ಅಲ್ಲ." ನಾನು ತಲೆಯಾಡಿಸಿದೆ. ಅವರು ಬೆರಳು ತೆಗೆಯಲಿಲ್ಲ. ವಾಶರನ್ನು ಮತ್ತೆ ತಿರುಗಿಸಿದರು, ಮತ್ತೆ ತಿರುಗಿಸಿದರು. ಆಮೇಲೆ ನನ್ನ ಕಡೆ ನೋಡದೆ ಅಂದರು: "ಅವತ್ತೂ ಹಿಂಗೇ ತಿರುಗ್ತಿತ್ತು."

ಯಾವತ್ತು ಅಂತ ಕೇಳಿದೆ. ಗೊತ್ತಿದ್ದೂ ಕೇಳಿದೆ. ನೀನು ಕಾರು ತೆಗೆದುಕೊಂಡು ಹೋಗುವ ಹಿಂದಿನ ದಿನ ಅಂದರು. ತೋಳು ಬಿಚ್ಚಿ ಮತ್ತೆ ಹಾಕುವಾಗ ಹಳೆಯ ನಟ್ಟು ಕೈತಪ್ಪಿ ಎಲ್ಲೋ ಉರುಳಿತಂತೆ, ಸದ್ಯಕ್ಕೆ ಕೈಗೆ ಸಿಕ್ಕಿದ್ದನ್ನು ಹಾಕಿದರಂತೆ. ಸೋಮವಾರ ಸರಿಯಾದ್ದು ತಂದು ಬದಲಾಯಿಸಿದರಾಯಿತು, ಅಲ್ಲಿಯವರೆಗೆ ಯಾರು ಓಡಿಸುತ್ತಾರೆ ಅಂದುಕೊಂಡರಂತೆ. ಬೆಳಿಗ್ಗೆ ನೀನು ಕೀಲಿ ಕೇಳಿದೆ. "ಕೊಡುವಾಗ ನೆನಪಿರ್ಲಿಲ್ವಾ ಅಪ್ಪಾ?" ಅಂದೆ. ಮರೆತಿದ್ದೆ ಅನ್ನಲಿ ಅಂತ ಒಳಗೊಳಗೇ ಬೇಡುತ್ತಿದ್ದೆ. "ಇತ್ತು" ಅಂದರು. "ಹತ್ರ ತಾನೇ, ಹೋಗಿ ಬರ್ಲಿ ಅಂದ್ಕೊಂಡೆ."

ಮುರಿದ ಬೋಲ್ಟನ್ನು ಅವರು ಎಸೆದಿರಲಿಲ್ಲ. ಬೇಡದ ಸಾಮಾನಿನ ಡಬ್ಬಿಯಲ್ಲಿ, ನಟ್ಟಿನ ಸಮೇತ ಇತ್ತು. ಕಿಟಕಿಗೆ ಹಿಡಿದು ನೋಡಿದೆ. ನಟ್ಟು ತಲುಪಬೇಕಾದ ಜಾಗ ತಲುಪೇ ಇರಲಿಲ್ಲ, ಅರ್ಧದಲ್ಲೇ ಕಚ್ಚಿಕೊಂಡು ನಿಂತಿತ್ತು. ಅದರ ಕೆಳಗಿನ ನುಣ್ಣನೆಯ ಭಾಗ ಡಿಕ್ಕಿಗೆ ಮೊದಲೇ ಅಲುಗಾಡಿ ಉಜ್ಜಿಕೊಂಡು ಸವೆದು ಹೊಳೆಯುತ್ತಿತ್ತು. ಸ್ಪ್ಯಾನರ್ ಹಾಕಿದರೆ ಬಿಗಿ. ತಪಾಸಣೆಯವರು ಸುಳ್ಳು ಬರೆದಿರಲಿಲ್ಲ.

ಹಾಗಾದರೆ ಇಷ್ಟು ತಿಂಗಳು ಈ ಕಾರನ್ನು ಕಟ್ಟಿದ್ದು ಅವನಿಗಾಗಿಯೋ ಇದನ್ನು ಮುಚ್ಚುವುದಕ್ಕೋ ಅಂತ ಕೇಳಿದೆ. ಹಾಗೆ ಕೇಳುವಾಗ ನನ್ನ ಧ್ವನಿ ಕ್ಲಾಸಿನಲ್ಲಿ ನಕಲು ಹೊಡೆದವರನ್ನು ಎದ್ದು ನಿಲ್ಲಿಸುವ ಧ್ವನಿಯಾಗಿತ್ತು, ಅದು ನನಗೇ ಕೇಳಿಸಿತು. ಅಪ್ಪ ಮುರಿದ ಬೋಲ್ಟನ್ನು ನನ್ನ ಕೈಯಿಂದ ತೆಗೆದುಕೊಂಡರು. "ಸರಿಯಾದ್ದು ಹಾಕಿದ್ರೆ ನಿದ್ದೆ ಬರತ್ತೆ ಅಂದ್ಕೊಂಡಿದ್ದೆ" ಅಂದರು. ಅಷ್ಟರಲ್ಲಿ ಅಮ್ಮ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. "ಒಬ್ಬ ಒಳಗಿದಾನೆ. ಇವರನ್ನೂ ಕಳ್ಸಿ ಮನೆ ಗುಡಿಸಿ ಬೀಗ ಹಾಕ್ಕೊಂಡು ಹೋಗು, ಓದಿದ ಮಗಳು ಇದ್ದದ್ದಕ್ಕೂ ಸಾರ್ಥಕ" ಅಂದಳು. ಅವಳು ನನಗೆ ನೇರವಾಗಿ ಆಡಿದ ಕೊನೆಯ ಮಾತು ಅದು. ಅವಳು ಹೇಳಿದ್ದರಲ್ಲಿ ತಪ್ಪೇನಿದೆ ಅಂತ ಈಗಲೂ ಹುಡುಕುತ್ತಿದ್ದೇನೆ.

ನಾಲ್ಕು ದಿನ ನಾನು ಏನೂ ಮಾಡಲಿಲ್ಲ. ಪಾಠ ಮಾಡಿದೆ, ಉತ್ತರಪತ್ರಿಕೆ ತಿದ್ದಿದೆ. ಶಾಲೆಯಿಂದ ಬರುವ ದಾರಿಯಲ್ಲಿ ದರ್ಜಿಯ ಅಂಗಡಿ ಸಿಗುತ್ತದೆ. ಈಗ ಮೆಷಿನ್ನಿನ ಹಿಂದೆ ಅವರ ಹೆಂಡತಿ ಕೂರುತ್ತಾಳೆ. ತಪ್ಪು ನಿನ್ನದಲ್ಲ, ಅಪ್ಪನದು ಅಂತ ಆದರೆ ಅವಳಿಗೆ ಏನು ಬದಲಾಗುತ್ತದೆ ಅಂತ ಯೋಚಿಸಿದೆ. ಏನೂ ಇಲ್ಲ ಅನ್ನಿಸಿತು. ಆಮೇಲೆ, ಹಾಗೆ ಅವಳ ಪರವಾಗಿ ತೀರ್ಮಾನಿಸಲು ನಾನು ಯಾರು ಅಂತಲೂ ಅನ್ನಿಸಿತು. ನನ್ನ ಹೇಡಿತನಕ್ಕೆ ಅವಳನ್ನು ಅಡ್ಡ ಇಟ್ಟುಕೊಳ್ಳುತ್ತಿದ್ದೆನೇನೋ. ಐದನೆಯ ದಿನ ಬೆಳಿಗ್ಗೆ ನೋಡಿದರೆ ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕುರ್ಚಿಯ ಮೇಲೆ ಕೂತಿದ್ದರು. "ವಕೀಲರ ಹತ್ರ ನೀನೇ ಕರ್ಕೊಂಡ್ಹೋಗು. ನಾನೊಬ್ನೇ ಹೊರಟ್ರೆ ಅರ್ಧ ದಾರೀಲಿ ವಾಪಸ್ ಬರ್ತೀನಿ" ಅಂದರು. ರಜೆ ಹಾಕಿದೆ.

ವಕೀಲರು ಎರಡು ಸಲ ಕೇಳಿ ಬರೆದುಕೊಂಡರು. ಮೇಲ್ಮನವಿಗೆ ಇದು ದೊಡ್ಡ ಆಧಾರ, ಆದರೆ ನಿಮ್ಮ ಮೇಲೆ ಕೇಸು ಬೀಳಬಹುದು, ಈ ವಯಸ್ಸಿನಲ್ಲಿ ಅದನ್ನೂ ಯೋಚಿಸಿ ಅಂದರು. ಅಪ್ಪ ಕೇಳಿದ್ದು ಒಂದೇ: "ಹಾಕಿದ್ರೆ ಅವನಿರೋ ಕಡೆಗೇ ಹಾಕ್ತಾರಾ?" ವಕೀಲರು ತಮಾಷೆ ಅಂದುಕೊಂಡು ನಗಲು ಹೊರಟು, ಅಪ್ಪನ ಮುಖ ನೋಡಿ ನಿಲ್ಲಿಸಿದರು. ಮುರಿದ ಬೋಲ್ಟನ್ನು ಒಂದು ಕವರಿಗೆ ಹಾಕಿ ಮೊಹರು ಮಾಡಿಸಿದರು. ಕಾರನ್ನು ಇನ್ನು ಯಾರೂ ಮುಟ್ಟುವ ಹಾಗಿಲ್ಲ. ಅದು ಈಗ ಮುಕ್ಕಾಲು ಹೊಸದಾಗಿ, ಒಂದು ಚಕ್ರವಿಲ್ಲದೆ ಜಾಕಿಯ ಮೇಲೆ ನಿಂತಿದೆ. ಅಪ್ಪ ಬೆಳಗಿನಿಂದ ಸಂಜೆಯವರೆಗೆ ಏನು ಮಾಡಬೇಕೋ ತಿಳಿಯದೆ ಸ್ಪ್ಯಾನರುಗಳನ್ನು ಒರೆಸಿ ಒರೆಸಿ ಇಡುತ್ತಾರೆ.

ನನ್ನ ಮೇಲೆ ನಿನಗೆ ಸಿಟ್ಟು ಬರಬಹುದು. ಬರಲಿ. ಊಟ ಬಿಡಬೇಡ, ಎಕ್ಸ್‌ರೇ ಬಿಡಬೇಡ. ನೀನು ಇರುವ ಆ ಕೋಣೆಯಲ್ಲಿ ಕಿಟಕಿಯ ಕಡೆಯ ಜಾಗ ನಿನಗೆ ಸಿಗಲಿ, ನಿನ್ನ ಎದೆ ಹಗುರಾಗಲಿ. ಅಮ್ಮ ಗೋಡೆಯ ಮೂಲಕ ನಿನಗೆ ಹೇಳಿ ಕಳಿಸಿದ್ದು: ಮಗು ತಲೆಗೆ ಎಣ್ಣೆ ಹಚ್ಚಿಕೊಳ್ಳಲಿ.

ನಿನ್ನ
ಅಕ್ಕ

ಮರೆತಿದ್ದೆ: ಮಂಗಳವಾರ ವಕೀಲರು ನಿನ್ನ ಹತ್ತಿರ ಬರುತ್ತಾರೆ. ಆ ನಟ್ಟು ಹಾಕಿದ್ದು ಯಾರು ಅಂತ ಕೇಳುತ್ತಾರೆ. ಕೋರ್ಟಿನಲ್ಲಿ ನೀನು "ನಾನೇ" ಅಂದದ್ದು ಹುಂಬತನ ಅಂದುಕೊಂಡಿದ್ದೆ. ವಕೀಲರ ಮನೆಯಿಂದ ಬರುವಾಗ ಬಸ್ಸಿನಲ್ಲಿ ಹೊಳೆಯಿತು, ಅದು ಅಪ್ಪನ ಕೈಕೆಲಸ ಅಂತ ನಿನಗೆ ಆಗಲೇ ಗೊತ್ತಿತ್ತು. ಈ ಸಲ ಹಾಗೆ ಹೇಳಬೇಡ. ಅಪ್ಪ ಹೇಳಿಕೆಗೆ ಸಹಿ ಹಾಕಿ ಆಗಿದೆ. ನೀನು ಮತ್ತೆ ಅದನ್ನೇ ಅಂದರೆ ಮಗನನ್ನು ಬಿಡಿಸಲು ಮುದುಕ ಕಥೆ ಕಟ್ಟಿದ ಅನ್ನುತ್ತಾರೆ, ನೀನು ಅಲ್ಲೇ ಉಳಿಯುತ್ತೀಯ. ಅಪ್ಪ ಹಿಂದೆ ನಿಂತು ಬರೆದ್ಯಾ ಅಂತ ಕೇಳುತ್ತಿದ್ದಾರೆ. ಕಣ್ಣು ಕಾಣದು, ಓದಿ ಹೇಳು ಅಂದರು. ಓದಿದೆ. "ಇನ್ನೊಂದ್ಸಲ ಬರಿ, ಅವನು ಹಟಮಾರಿ" ಅಂತಿದ್ದಾರೆ. ಬರೆಯುತ್ತಿದ್ದೇನೆ. ನಾನಲ್ಲ, ಅಪ್ಪ ಅಂತ ಹೇಳು.