ಕುಸ್ಕೋದಿಂದ ಕೆಳಗಿಳಿದ ದಿನ

ಅಕ್ಕಾ,

ಸಂಬಂಧದಲ್ಲಿ ನೀನು ನನ್ನ ಓರಗಿತ್ತಿ, ಇವರ ಅಣ್ಣನ ಹೆಂಡತಿ. ಮದುವೆಯಾದಾಗಿನಿಂದ ನಿನ್ನನ್ನು ‘ನೀವು’ ಎಂದೇ ಕರೆದವಳು ನಾನು. ೨೦೧೩ರ ಬೇಸಿಗೆಯಲ್ಲಿ ನಾವಿಬ್ಬರೇ ಪೆರುವಿಗೆ ಹೋದಾಗ, ಲಿಮಾದ ಆ ಎತ್ತರದ ದಂಡೆಯ ಮೇಲೆ ಕೂತು ಕೆಳಗಿನ ಸಮುದ್ರ ನೋಡುತ್ತಿದ್ದಾಗ ನೀನೇ ಅಂದೆ, “ಸುಮತಿ, ಈ ನೀವು ಗೀವು ಇನ್ನು ಸಾಕು. ಇಬ್ರಿಗೂ ತಲೆ ಬೆಳ್ಳಗಾಯ್ತು.” ಅವತ್ತಿನಿಂದ ನೀನು ನನಗೆ ‘ನೀನು’ ಆದೆ. ಅದಾಗಿ ಎರಡೇ ದಿನಕ್ಕೆ ನಿನ್ನ ಆಸೆಗೆ ನಾನೇ ಅಡ್ಡ ನಿಂತೆ. ಆ ವಿಷಯ ಬರೆಯಲು ಇಷ್ಟು ವರ್ಷ ಬೇಕಾಯಿತು.

ಫ್ರಿಸ್ಕೋದ ನಿಮ್ಮ ಅಡುಗೆಮನೆಯಲ್ಲಿ ಹುರುಳಿಕಾಯಿ ಹೆಚ್ಚುತ್ತಾ ನೀನು ಈ ಪ್ರವಾಸದ ಮಾತೆತ್ತಿದ್ದು ಇನ್ನೂ ಕಿವಿಯಲ್ಲಿದೆ. ಮೈಸೂರಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಎಂಟು ವರ್ಷ ಭೂಗೋಳ ಪಾಠ ಮಾಡಿದವಳು ನೀನು. “ಆಂಡೀಸ್ ಪರ್ವತ ಅಂತ ಬೋರ್ಡ್ ಮೇಲೆ ಎಷ್ಟು ಸಲ ಬರೆದಿದೀನೋ. ಅದನ್ನೂ ಅಲ್ಲಿರೋ ಮಾಚು ಪಿಚು ಅನ್ನೋ ಹಳೇ ಕಲ್ಲಿನೂರನ್ನೂ ಒಂದ್ಸಲ ಕಣ್ಣಾರೆ ನೋಡ್ಬೇಕು” ಅಂದೆ. ಸೋಫಾದಲ್ಲಿದ್ದ ಭಾವನವರು ಪೇಪರಿನಿಂದ ತಲೆಯೆತ್ತದೆ, “ಕಲ್ಲು ನೋಡೋಕೆ ಅಷ್ಟು ದೂರ ಯಾಕೆ, ಹಂಪಿ ಇಲ್ವಾ?” ಎಂದರು. ನೀನು ನನ್ನ ಕಡೆ ತಿರುಗಿ, “ನೀನು ಬಂದ್ರೆ ಹೋಗ್ತೀನಿ. ಡಾಕ್ಟರ್ ಜೊತೇಲಿದ್ರೆ ಧೈರ್ಯ” ಅಂದೆ. ನಾನು ಮಕ್ಕಳ ಡಾಕ್ಟರು, ಅಕ್ಕಾ. ಆ ಮಾತಿನ ಹಿಂದೆ ಏನಿರಬಹುದು ಎಂದು ಆಗ ನನಗೆ ಹೊಳೆಯಬೇಕಿತ್ತೇ?

ಬೆಟ್ಟಗಳ ನಡುವೆ ಬಹಳ ಎತ್ತರದಲ್ಲಿರುವ ಕುಸ್ಕೋ ಊರಿನಲ್ಲಿ ಮೊದಲ ದಿನ ನೀನು ಎಷ್ಟು ಸಂತೋಷವಾಗಿದ್ದೆ. ಓಣಿಯ ಗೋಡೆಯ ಕಲ್ಲುಗಳನ್ನು ಸವರುತ್ತಾ, ಗಾರೆಯೇ ಇಲ್ಲದೆ ಇವು ಹೇಗೆ ಕೂತಿವೆ ಎಂದು ಬೆರಗಾದೆ. ಹನ್ನೆರಡು ಮೂಲೆಯ ಆ ಒಂದು ಕಲ್ಲಿನ ಮುಂದೆ ನಿಂತು ಮೂಲೆಗಳನ್ನೆಲ್ಲ ಎಣಿಸಿದೆ. ಮಾರನೆಯ ಬೆಳಿಗ್ಗೆ ಊರ ಮೇಲಿನ ಹಳೆಯ ಕೋಟೆ ಹತ್ತುವಾಗ ನಾಲ್ಕು ಹೆಜ್ಜೆಗೊಮ್ಮೆ ನಿಲ್ಲತೊಡಗಿದೆ. ಕೇಳಿದರೆ, “ನೋಟ ಚೆನ್ನಾಗಿದೆ, ಅದಕ್ಕೆ ನಿಂತೆ” ಎನ್ನುತ್ತಿದ್ದೆ. ಆಮೇಲೆ ನಿನ್ನ ತುಟಿ ನೋಡಿದೆ. ನೇರಳೆಹಣ್ಣು ತಿಂದವರ ಹಾಗೆ...

ಅಲ್ಲಿನ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಆಕ್ಸಿಜನ್ ಕೊಟ್ಟರು. ಬೇಗ ಕೆಳಗಿಳಿಯಿರಿ ಎಂದರು. ನಾನು ಮಧ್ಯಾಹ್ನದ ವಿಮಾನದಲ್ಲಿ ಲಿಮಾಕ್ಕೆ ಎರಡು ಸೀಟು ಹಿಡಿದೆ. ನೀನು ಮುಖದ ಮೇಲಿನ ಮಾಸ್ಕ್ ಸರಿಸಿ ನನ್ನ ಕೈ ಹಿಡಿದೆ.

“ಸುಮತಿ, ಮಾಚು ಪಿಚು ಇಲ್ಲಿಗಿಂತ ಕೆಳಗಿದೆ ಕಣೆ. ಸಾವಿರ ಮೀಟರ್ ಕೆಳಗೆ. ಇಳೀಬೇಕು ಅಂದ್ರೆ ಅಲ್ಲಿಗೇ ಇಳಿಯೋಣ.”

“ಅಲ್ಲಿ ದೊಡ್ಡ ಆಸ್ಪತ್ರೆ ಇಲ್ಲ ಅಕ್ಕ. ಬರೀ ಮೆಟ್ಲು.”

“ನಾನು ಹತ್ತಲ್ಲ. ಕೂತ್ಕೊಂಡು ನೋಡ್ತೀನಿ, ಅಷ್ಟೇ.”

“ಬೇಡ.”

ನೀನು ವಿಮಾನದಲ್ಲಿ ಕಿಟಕಿಯ ಕಡೆ ತಿರುಗಿ ಕೂತವಳು ಲಿಮಾ ಬರುವವರೆಗೂ ತಿರುಗಲಿಲ್ಲ. ಊರಿಗೆ ಬಂದ ಮೇಲೆ, ಎತ್ತರದಲ್ಲಿ ತುಂಬ ಜನಕ್ಕೆ ಹೀಗಾಗುತ್ತದೆ, ಹೆದರಬೇಡ ಎಂದು ನಾನೇ ನಿನಗೆ ಸಮಾಧಾನ ಹೇಳಿದೆ. ನೀನು ನಗುತ್ತಾ ತಲೆಯಾಡಿಸಿದೆ.

ಮುಂದಿನ ಚಳಿಗಾಲದಲ್ಲಿ ನೀನು ಮನೆಯ ಮೆಟ್ಟಿಲ ಮೇಲೆ ಕುಸಿದಾಗಲೇ ನಮಗೆಲ್ಲ ಗೊತ್ತಾದದ್ದು, ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಮಿತಿ ಮೀರಿದೆ ಎಂದು. ಇನ್ನೊಂದು ವರ್ಷ ಕಳೆದು ನೀನು ಹೋದೆ. ಹದಿಮೂರನೆಯ ದಿನ ಭಾವನವರು ನನ್ನ ಪಕ್ಕ ಬಂದು ಕೂತು, “ಸುಮತಿ, ಆ ಊರಲ್ಲಿ ಜೊತೇಲೇ ಇದ್ಯಲ್ಲಮ್ಮ, ಆಗ ಏನೂ ಕಾಣಿಸ್ಲಿಲ್ವಾ?” ಎಂದರು. ಅವರು ದೂರಲಿಲ್ಲ, ಸುಮ್ಮನೆ ಕೇಳಿದರು. ಆದರೆ ನನಗೆ ಹೇಗೆ ತಟ್ಟಿತು ಗೊತ್ತೇ? ಆಮೇಲೆ ನಾನು ಫ್ರಿಸ್ಕೋಗೆ ಹೋಗುವುದನ್ನೇ ಬಿಟ್ಟೆ. ಹ್ಯೂಸ್ಟನ್ನಿನ ನಮ್ಮ ಮನೆಯಿಂದ ನಾಲ್ಕು ಗಂಟೆ ಡ್ರೈವ್, ಸೊಂಟನೋವು, ಕ್ಲಿನಿಕ್ಕಿನಲ್ಲಿ ಫ್ಲೂ ಸೀಸನ್, ಒಂದಲ್ಲ ಒಂದು ನೆಪ. ಇವರು ಒಬ್ಬರೇ ಅಣ್ಣನ ಮನೆಗೆ ಹೋಗಿ ಬರುತ್ತಿದ್ದರು. ಕಾಯಿಲೆಯನ್ನು ಗುರುತಿಸಲಿಲ್ಲ, ಕೇಳಿದ ಜಾಗವನ್ನೂ ತೋರಿಸಲಿಲ್ಲ. ಎರಡರಲ್ಲಿ ಯಾವುದು ದೊಡ್ಡ ತಪ್ಪು ಎಂದು...

ಹೋದ ವರ್ಷ ನಿನ್ನ ಮಗಳು ಮೇಘನಾ ಆಸ್ಟಿನ್ನಿನಿಂದ ಫೋನ್ ಮಾಡಿದಳು. “ಚಿಕ್ಕಮ್ಮ, ಐ ವಾಂಟ್ ಟು ಗೋ ಟು ಪೆರು. ನೀವು ಬರ್ತೀರಾ?” ನಾನು ಆಗಲ್ಲ ಎಂದೆ. ಅವಳು ಶನಿವಾರ ಕಾರು ಹತ್ತಿ ನಮ್ಮ ಮನೆಗೇ ಬಂದಳು. ಹಟದಲ್ಲಿ ನಿನ್ನ ಮಗಳೇ. ಕೊನೆಗೆ ಹೊರಟೆ. ಕುಸ್ಕೋದಲ್ಲಿ ಒಂದು ಗಳಿಗೆಯೂ ನಿಲ್ಲದೆ, ನೇರವಾಗಿ ಕಣಿವೆಗೆ ಇಳಿಯುವಂತೆ ಏರ್ಪಾಡು ಮಾಡಿದೆ.

ಓಯಾಂತಾಯ್ತಾಂಬೋ ಎಂಬ ಪುಟ್ಟ ಊರಿನ ರೈಲು ನಿಲ್ದಾಣದಲ್ಲಿ ಬೆಂಚಿನ ಮೇಲೆ ಕೂತಿದ್ದೆವು. ಮಾಚು ಪಿಚುವಿನ ರೈಲಿಗೆ ಇನ್ನೂ ಮುಕ್ಕಾಲು ಗಂಟೆಯಿತ್ತು. ಮೇಘನಾ ಬೇಯಿಸಿದ ಜೋಳದ ತೆನೆಯೊಂದನ್ನು ಕೊಂಡು ತಂದಳು. ಕಾಳು ಒಂದೊಂದೂ ಅವರೆಕಾಳಿನಷ್ಟು ದಪ್ಪ. ಅದನ್ನು ಕೈಯಲ್ಲಿ ಹಿಡಿದವಳಿಗೆ ತಿನ್ನಲಾಗಲಿಲ್ಲ. ತಡೆಯದೆ ಹೇಳಿಬಿಟ್ಟೆ, “ಮೇಘನಾ, ನಿಮ್ಮಮ್ಮನ ಕಾಯಿಲೆ ನಾನು ಕುಸ್ಕೋದಲ್ಲೇ ಕಂಡುಹಿಡೀಬೇಕಿತ್ತು. ಬರೀ ಎತ್ತರದ ತೊಂದ್ರೆ ಅಂದ್ಬಿಟ್ಟೆ. ಅವತ್ತೇ ಪರೀಕ್ಷೆ ಮಾಡಿಸಿದ್ದಿದ್ರೆ...”

ಅವಳು ನನ್ನ ಮುಖವನ್ನೇ ನೋಡಿದಳು. “ಚಿಕ್ಕಮ್ಮ, ನಿಮಗೆ ಗೊತ್ತಿಲ್ವಾ? ಅಮ್ಮಂಗೆ ಗೊತ್ತಿತ್ತು. ಬಿಫೋರ್ ದ ಟ್ರಿಪ್.”

“ಏನು ಗೊತ್ತಿತ್ತು?”

“ಎಲ್ಲಾ. ಡಾಕ್ಟರ್ ಹೇಳಿದ್ರು, ಲಂಗ್ಸ್‌ನಲ್ಲಿ ಪ್ರೆಷರ್ ಇದೆ, ಎತ್ತರದ ಜಾಗಕ್ಕೆ ಹೋಗ್ಬೇಡಿ ಅಂತ. ಅಮ್ಮ ಯಾರಿಗೂ ಹೇಳ್ಲಿಲ್ಲ. ಹಾಸ್ಪಿಟಲ್‌ನಲ್ಲಿ ಲಾಸ್ಟ್ ವೀಕ್ ನಂಗೆ ಹೇಳಿದ್ರು, ಅಪ್ಪಂಗೆ ಹೇಳ್ಬೇಡ ಅಂತ ಪ್ರಾಮಿಸ್ ತಗೊಂಡ್ರು. ನಿಮಗೆ ಕುಸ್ಕೋದಲ್ಲೇ ಹೇಳಿರ್ತಾರೆ ಅಂದ್ಕೊಂಡಿದ್ದೆ.”

“ನಂಗೆ ಯಾಕೆ ಹೇಳ್ಲಿಲ್ಲ?”

“ನೀವು ಬೈತೀರಿ ಅಂತ.” ಅವಳು ಮತ್ತೆ ಹೇಳಿದಳು, “ಅಮ್ಮ ಅಂದ್ರು, ‘ಸುಮತಿ ನನ್ನ ಮಾತು ಕೇಳಿದ್ದಿದ್ರೆ ನಾನು ಅಲ್ಲೇ ಹೋಗ್ಬಿಡ್ತಿದ್ದೆ, ನಿನ್ನ ಗ್ರಾಜುಯೇಷನ್ ನೋಡ್ತಾನೇ ಇರ್ಲಿಲ್ಲ’ ಅಂತ.”

ಅಕ್ಕಾ, ನನಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಡಾಕ್ಟರನ್ನು ಪಕ್ಕದಲ್ಲಿ ಕೂರಿಸಿಕೊಂಡು ಡಾಕ್ಟರಿಗೇ ಮುಚ್ಚಿಟ್ಟೆಯಲ್ಲ, ಎಂಥ ಹೆಂಗಸು ನೀನು? ಅಷ್ಟು ವರ್ಷ ನಾನು ಪಟ್ಟ ಪಾಡು... ಆಮೇಲೆ ಯಾಕೋ ನಗು ಬಂತು. ಮೇಘನಾಳೂ ನಕ್ಕಳು. ಇಬ್ಬರೂ ಕಣ್ಣೊರೆಸಿಕೊಂಡು ನಗುತ್ತಿದ್ದುದನ್ನು ಕಂಡು ಎದುರು ಬೆಂಚಿನ ಮುದುಕಿಯೂ ಸುಮ್ಮನೆ ನಕ್ಕಳು. ಎದೆಯ ಮೇಲಿಂದ ಯಾರೋ ರುಬ್ಬುಗುಂಡು ಎತ್ತಿ ಪಕ್ಕಕ್ಕಿಟ್ಟಂತಾಯಿತು. ರೈಲು ಬರುವಷ್ಟರಲ್ಲಿ ಇಡೀ ತೆನೆ ನಾನೊಬ್ಬಳೇ ತಿಂದು ಮುಗಿಸಿದ್ದೆ.

ಮಾಚು ಪಿಚುವಿನಲ್ಲಿ ನಾನು ಹೆಚ್ಚು ಹತ್ತಲಿಲ್ಲ. ಮೇಲಿನ ಹುಲ್ಲಿನ ಅಂಚಿನಲ್ಲಿ ಕೂತೆ. ಸೂರಿಲ್ಲದ ಮನೆಗಳು, ಒಂದರ ಕೆಳಗೊಂದು ಕಟ್ಟೆ, ಆಳದಲ್ಲಿ ಸುತ್ತಿಕೊಂಡು ಹರಿಯುವ ನದಿ, ಗೋಡೆಯ ಪಕ್ಕದಲ್ಲೇ ಮೇಯುವ, ಉದ್ದ ಕತ್ತಿನ ಲಾಮಾ ಪ್ರಾಣಿ. ನಿಜ ಹೇಳಲೇ? ಮೆಟ್ಟಿಲುಗಳು ನಾನು ಅಂದುಕೊಂಡಿದ್ದಕ್ಕಿಂತ ಕಡಿದಾಗಿವೆ. ಗಟ್ಟಿಮುಟ್ಟಾದ ಹುಡುಗರೂ ಏದುಸಿರು ಬಿಡುತ್ತಿದ್ದರು. ಅಲ್ಲಿ ಕೂತು ಮೊದಲ ಸಲ ನನಗೆ ನಾನೇ ಹೇಳಿಕೊಂಡೆ, ಅವತ್ತು ಬೇಡ ಎಂದದ್ದು ಸರಿ.

ಮರಳಿ ಬಂದ ಮೊದಲ ಭಾನುವಾರವೇ ಇವರ ಜೊತೆ ಫ್ರಿಸ್ಕೋಗೆ ಹೋದೆ. ಮೇಘನಾ ಆಸ್ಟಿನ್ನಿನಿಂದ ಬಂದಳು. ನಿನಗೆ ಕೊಟ್ಟ ಮಾತನ್ನು ಅವಳು ಮುರಿದಳು, ಕ್ಷಮಿಸು, ನಾನೇ ಮುರಿಸಿದೆ. ಎಲ್ಲ ಕೇಳಿದ ಭಾವನವರು, “ಅವಳು ಮಹಡಿಯಿಂದ ರೂಮನ್ನ ಕೆಳಗೆ ಶಿಫ್ಟ್ ಮಾಡಿದಾಗ ಮಂಡಿನೋವು ಅಂದ್ಳು. ನಾನು ನಂಬ್ದೆ. ನನ್ನ ಕಣ್ಣಿಗೆ ಯಾಕೆ ಬೀಳ್ಲಿಲ್ಲ ಅಂತ ದಿನಾ ಅಂದ್ಕೋತಿದ್ದೆ” ಎಂದರು. “ನಿಮ್ಮದೇನೂ ತಪ್ಪಿಲ್ಲ ಭಾವ, ಡಾಕ್ಟರಿಗೇ ಟೋಪಿ ಹಾಕಿದಾಳೆ” ಎಂದೆ. ನೀನು ಹೋದ ಮೇಲೆ ಅವರು ಬಾಯಿಬಿಟ್ಟು ನಕ್ಕಿದ್ದನ್ನು ಅವತ್ತೇ ನಾನು ನೋಡಿದ್ದು. ಮಧ್ಯಾಹ್ನ ಊಟಕ್ಕೆ ನಿಲ್ಲು ಎಂದರು. ನಾಲ್ಕು ದಿನ ನಿಂತೆ.

ಈಗ ಹೊಸ ಸುದ್ದಿ. ಮುಂದಿನ ಅಕ್ಟೋಬರಿನಲ್ಲಿ ನಾವು ನಾಲ್ವರೂ ಟಿಟಿಕಾಕಾ ಸರೋವರಕ್ಕೆ ಹೋಗುತ್ತಿದ್ದೇವೆ. ಅದು ಕುಸ್ಕೋಗಿಂತಲೂ ಎತ್ತರದಲ್ಲಿದೆ ಎಂದು ನಿನಗೆ ನಾನು ಹೇಳಬೇಕೇ? ಅದಕ್ಕೇ ಒಂದು ಕಟ್ಟುಪಾಡು ಮಾಡಿದ್ದೇನೆ: ಎದೆಯ ಪರೀಕ್ಷೆಯ ರಿಪೋರ್ಟ್ ನನ್ನ ಕೈಗೆ ಬಾರದೆ ಯಾರಿಗೂ ಟಿಕೆಟ್ ಇಲ್ಲ. ನನ್ನದನ್ನು ಮೊದಲು ಎಲ್ಲರಿಗೂ ಓದಿ ಹೇಳಿದೆ. ಸ್ವಲ್ಪ ಬಿಪಿ ಇದೆ, ಅಷ್ಟೇ. ಭಾವನವರು ಒಂದು ವಾರ ಗೊಣಗಿ ನಿನ್ನೆ ತಮ್ಮದನ್ನು ಕಳುಹಿಸಿದರು. ಇವರೂ ಏನಾದರೂ ಮುಚ್ಚಿಟ್ಟಿದ್ದಾರೆಯೇ ಎಂದು ಪುಟದ ನಂಬರುಗಳನ್ನು ಒಂದೊಂದಾಗಿ ನೋಡಿದೆ, ಅಕ್ಕಾ. ಒಂದು ಪುಟವೂ ಬಿಟ್ಟುಹೋಗಿಲ್ಲ.

ನಿನ್ನ
ಸುಮತಿ