ಅಮ್ಮ ಬೈಯದ ಪ್ರಯಾಣ

ಸನ್ನಿವೇಲ್
೧೮ ಆಗಸ್ಟ್ ೧೯೮೬

ಪ್ರೀತಿಯ ಪದ್ಮಕ್ಕನಿಗೆ,

ನಿರುಪಮಾ ಮಾಡುವ ನಮಸ್ಕಾರಗಳು. ನಾವಿಬ್ಬರೂ, ಅಲ್ಲ, ಎರಡೂವರೆ ಜನವೂ ಕ್ಷೇಮ. ಕಾಗದ ತಡವಾಯಿತೆಂದು ಮುನಿಯಬೇಡ. ಏಳು ತಿಂಗಳ ಹೊಟ್ಟೆ ಹೊತ್ತು ಕೂತರೆ ಮೇಜೇ ಕೈಗೆ ಎಟಕುವುದಿಲ್ಲ. ಇನ್ನೊಂದು ಕಾರಣವೂ ಇದೆ. ನಿನ್ನ ಮೇಲೆ ನನಗೊಂದು ಅನುಮಾನ ಬಂದಿದೆ. ಹೇಳುತ್ತೇನೆ ಇರು.

ಅಲಾಸ್ಕಾಕ್ಕೆ ಹೋಗಿ ಬಂದೆವು. ಚಳಿಗಾಲದಲ್ಲಿ ಹೀಟರು ಹಾಕಲೂ ಹಿಂದೆಮುಂದೆ ನೋಡುವ ಇವರು ತಾವಾಗಿಯೇ ವಿಮಾನದ ಟಿಕೆಟ್ಟು ತಂದರು. "ನಿಂಗೆ ಹಿಮನದಿ ನೋಡೋ ಆಸೆ ಇತ್ತಲ್ಲ, ಡೆಲಿವರಿ ಆದ್ಮೇಲೆ ಎಲ್ಲಾಗತ್ತೆ? ಈಗ್ಲೇ ಹೋಗ್ಬರೋಣ" ಅಂದರು. ಗಂಡ ಇದ್ದಕ್ಕಿದ್ದಂತೆ ಇಷ್ಟು ಒಳ್ಳೆಯವನಾದರೆ ಹೆಂಡತಿಗೆ ಭಯವಾಗದೆ ಇರುತ್ತದೆಯೆ? ಇವರ ಕೆಲಸ ಹೋಯಿತೋ, ನನ್ನ ಡಾಕ್ಟರು ಗುಟ್ಟಾಗಿ ಏನಾದರೂ ಹೇಳಿದರೋ ಎಂದು ದಾರಿಯುದ್ದಕ್ಕೂ ಇವರ ಮುಖ ನೋಡಿದೆ.

ಬೆಳಿಗ್ಗೆ ದೋಣಿ ಹತ್ತಿದರೆ ಸಂಜೆಗೆ ವಾಪಸು. ಅಕ್ಕಾ, ಸಮುದ್ರದ ಅಂಚಿಗೇ ಬಂದು ನಿಂತ ಹಿಮದ ಗೋಡೆ ಅದು! ಬರೀ ಬಿಳಿಯಲ್ಲ, ನಾವು ಪಂಚೆಗೆ ಹಾಕುವ ನೀಲಿಯ ಬಣ್ಣ. ಆಗಾಗ ಒಂದು ತುಂಡು ಕಳಚಿ ನೀರಿಗೆ ಬೀಳುತ್ತದೆ. ಬೀಳುವುದು ಮೊದಲು ಕಾಣುತ್ತದೆ, ಸದ್ದು ಆಮೇಲೆ ಬರುತ್ತದೆ. ಆ ಸದ್ದಿಗೆ ಮಗು ಒದೆಯಿತು. ಅಮ್ಮನಿಗೆ ಇದನ್ನು ಬರೆಯಬೇಕು ಅಂದುಕೊಂಡೆ.

ಎಲ್ಲರೂ ಫೋಟೊ ತೆಗೆಯುತ್ತಿದ್ದಾಗ ಇವರು ನನ್ನನ್ನು ದೋಣಿಯ ಹಿಂಬದಿಗೆ ಕರೆದೊಯ್ದು ಜೇಬಿನಿಂದ ಒಂದು ಪೊಟ್ಟಣ ತೆಗೆದರು. ಕರಿ ಎಳ್ಳು!

"ನನ್ ಕೈಗೆ ನಿನ್ ಕೈ ತಾಗ್ಸು" ಅಂದರು.

"ಯಾರಿಗ್ರೀ ಇದು? ಇವತ್ತು ಅಮಾವಾಸ್ಯೆನೂ ಅಲ್ವಲ್ಲ?"

"ಹಿರಿಯರಿಗೆಲ್ಲ ಕಣೇ. ಇಂಥ ನೀರು ಮತ್ತೆಲ್ಲಿ ಸಿಗತ್ತೆ?"

ಬಾಟಲಿಯ ನೀರು ಹಾಕಿಕೊಂಡು ಎಳ್ಳನ್ನು ಹೆಬ್ಬೆರಳಿನ ಪಕ್ಕದಿಂದ ಬಿಟ್ಟರು. ಕಣ್ಣು ಒದ್ದೆಯಾಗಿತ್ತು. ಗಾಳಿಗಂತೆ. ತಮ್ಮ ಅಪ್ಪ ಅಮ್ಮನ ಶ್ರಾದ್ಧದ ದಿನವೂ ಇವರ ಕಣ್ಣಲ್ಲಿ ನಾನು ನೀರು ಕಂಡವಳಲ್ಲ.

ಈಗ ನಿನ್ನ ಸರದಿ. ದೋಣಿಯಲ್ಲಿ ಹೋಗುತ್ತೇವೆಂದು ಮೊದಲೇ ಬರೆದಿದ್ದೆ. ಅದಕ್ಕೆ ನೀನು "ಸಂತೋಷವಾಗಿ ಹೋಗಿಬನ್ನಿ ಅಂದಳು ಅಮ್ಮ" ಎಂದು ಉತ್ತರ ಹಾಕಿದೆ. ನಮ್ಮ ಅಮ್ಮನೆ? ಬಸುರಿಯ ಗಂಡ ಸಮುದ್ರಕ್ಕೆ ಹೋಗಬಾರದು ಎನ್ನುವವಳು, ನಿನ್ನ ಮಗಳು ಇಂದು ಹೊಟ್ಟೆಯಲ್ಲಿದ್ದಾಗ ಭಾವನಿಗೆ ಕಾವೇರಿಯ ಹರಿಗೋಲನ್ನೂ ಹತ್ತಲು ಬಿಡದವಳು! ಫೋನು ಮಾಡಿದಾಗಲೆಲ್ಲ ಮಠಕ್ಕೆ ಹೋಗಿದ್ದಾಳೆ ಅನ್ನುತ್ತೀಯ. ಮಂಡಿನೋವಿಗೆ ಹೊಸಿಲು ದಾಟಲಾರದವಳು ದಿನಾ ಮಠಕ್ಕೆ ಹೇಗೆ ಹೋಗುತ್ತಾಳೆ? ಸುಳ್ಳು ಹೇಳುವುದು ನಿನಗೆ ಚಿಕ್ಕಂದಿನಿಂದಲೂ ಬರುವುದಿಲ್ಲ.

ಭಾವನಿಗೆ ನಮಸ್ಕಾರ ತಿಳಿಸು. ಇಂದುವಿಗೆ ಚಿಕ್ಕಮ್ಮನ ಆಶೀರ್ವಾದ, ಚೆನ್ನಾಗಿ ಓದಲಿ, ನೂರ್ಕಾಲ ಬಾಳಲಿ.

ನಿನ್ನ ತಂಗಿ,
ನಿರುಪಮಾ

ವಿ. ಸೂ.: ಬಸುರಿಗೆ ಸಾವಿನ ಸುದ್ದಿ ಮುಟ್ಟಿಸಬಾರದು ಎಂಬುದು ನನಗೂ ಗೊತ್ತು. ಇವರನ್ನು ಕೇಳಿಲ್ಲ. ಕೇಳಿದರೆ ಪಾಪ, ಇನ್ನೊಂದು ಸುಳ್ಳು ಹುಡುಕಬೇಕು. ನನಗೆ ತುಂಬ ಹೆದರಿಕೆಯಾಗಿದೆ ಅಕ್ಕಾ. ಈ ಕಾಗದವನ್ನು ಅಮ್ಮನಿಗೆ ಓದಿ ಹೇಳು. ಬೈದರೆ, ಬೈದದ್ದನ್ನೆಲ್ಲ ಒಂದಕ್ಷರ ಬಿಡದೆ ಬರೆ. ಬೈಯಲು ಅವಳು ಇಲ್ಲದಿದ್ದರೆ, ತಿಥಿ ಯಾವುದೆಂದು ಬರೆ.